ಹೊಗೆಗೂಡಿನ ನೆರಳಿನಲ್ಲಿ ಶುಕ್ರ

ಶುಕ್ರಗ್ರಹದ ಮೇಲೆ ಯಾರೋ ಕಾಲಿಟ್ಟರು.

ಮ್ಯೂರಿಯಲ್ ಟೆಂಪರ್ಲಿಗೆ ಮೊದಲು ಹಾಗೆಯೇ ಅನಿಸಿತು. ಕ್ಷಣದ ಹಿಂದೆ, ದೂರದರ್ಶಕಕ್ಕೆ ಜೋಡಿಸಿದ ಲ್ಯಾಪ್‌ಟಾಪಿನ ಪರದೆಯ ನಡುವೆ ಕೂದಲೆಳೆಯಷ್ಟು ಸಣ್ಣ ಬೆಳ್ಳಿಯ ಗೀರೊಂದು ನಡುಗುತ್ತಿತ್ತು. ಈಗ ಅಲ್ಲಿ ಬರೀ ಕತ್ತಲೆ. ಬಿಸಿಲು ತಾಗದಿರಲೆಂದು ಲ್ಯಾಪ್‌ಟಾಪಿಗೆ ಹೊದಿಸಿದ್ದ ರಟ್ಟಿನ ಪೆಟ್ಟಿಗೆಯಿಂದ ಅವಳು ತಲೆಯನ್ನು ಹೊರಗೆಳೆದು ಮೇಲೆ ನೋಡಿದಳು. ಪಕ್ಕದ ಮನೆಯ ಮಾಡಿನ ಮೇಲೆ, ಸಾರುವೆಯ ಹಲಗೆಯ ಅಂಚಿನಲ್ಲಿ, ಒಂದು ಬೂಟು. ಬೂಟಿನೊಳಗೆ ಕಾಲು, ಕಾಲಿನ ಮೇಲೆ ಹಳದಿ ಹೆಲ್ಮೆಟ್ಟಿನ ಮನುಷ್ಯ, ಮನುಷ್ಯನ ಕೈಯಲ್ಲಿ ಸುತ್ತಿಗೆ.

ಸುತ್ತಿಗೆ ಮೇಲೆದ್ದಿತು.

ಮ್ಯೂರಿಯಲ್ ಕೈಗಡಿಯಾರ ನೋಡಿಕೊಂಡಳು. ಏಳೂವರೆ. ಒಪ್ಪಂದವಾಗಿದ್ದದ್ದು ಎಂಟೂವರೆಗೆ. ಅವಳ ಲೆಕ್ಕದಲ್ಲಿ ಆ ಹೊಗೆಗೂಡಿಗೆ ಇನ್ನೂ ಒಂದು ಗಂಟೆಯ ಆಯುಸ್ಸಿತ್ತು.

ಡರ್ಹಮ್ ಸೀಮೆಯ ಆ ಹಳೆಯ ಗಣಿ ಊರಿನಲ್ಲಿ ನಾರ್ಮನ್ ಹೆಸ್ಲಪ್‌ನ ಮನೆ ಮೂಡಣಕ್ಕೆ, ಮ್ಯೂರಿಯಲ್‌ಳ ಹಿತ್ತಿಲು ಪಡುವಣಕ್ಕೆ. ನಡುವೆ ನಾರ್ಮನ್‌ನ ತೋಟ, ಸೊಂಟದೆತ್ತರದ ಬೇಲಿ. ಅವನ ಮನೆಯ ಹೊಗೆಗೂಡಿನಲ್ಲಿ ಹೊಗೆಯಾಡದೆ ಇಪ್ಪತ್ತು ವರ್ಷವಾಗಿತ್ತು. ಮನೆ ಬೆಚ್ಚಗಾಗಿಸುವ ಕೆಲಸವನ್ನು ಅಡುಗೆಮನೆಯ ಬಾಯ್ಲರು ವಹಿಸಿಕೊಂಡಿತ್ತು. ಗೂಡಿಗೆ ಉಳಿದಿದ್ದ ಕೆಲಸವೆಂದರೆ ನೆರಳು ಚೆಲ್ಲುವುದೊಂದೇ. ಬೇಸಿಗೆಯ ಬೆಳಿಗ್ಗೆಗಳಲ್ಲಿ ಆ ನೆರಳು ಮೊದಲು ಮ್ಯೂರಿಯಲ್‌ಳ ಹಿತ್ತಿಲಿನಲ್ಲಿ ಬೀಳುತ್ತಿತ್ತು. ಬಿಸಿಲು ಏರಿದಂತೆ ಮೊಟಕಾಗುತ್ತ, ಬೇಲಿ ದಾಟಿ, ನಾರ್ಮನ್‌ನ ಪಾತಿಯ ಮೇಲೆ ಹರಿಯುತ್ತಿತ್ತು. ಒಂದೇ ನೆರಳು, ಬೇಲಿಯ ಈಚೆ ಅದಕ್ಕೆ ಆರಾಧನೆ, ಆಚೆ ಶಾಪ.

ಶಾಪ ಹಾಕುತ್ತಿದ್ದ ನಾರ್ಮನ್ ಲೀಕ್ ಬೆಳೆಯುವವನು. ಈರುಳ್ಳಿಯ ಕುಲಕ್ಕೇ ಸೇರಿದ ಈ ಗಿಡದ ಬಿಳಿ ಕಾಂಡವನ್ನು ಉಳಿದ ಲೋಕ ಸಾರಿಗೆ ಹಾಕಿ ಮರೆತುಬಿಡುತ್ತದೆ. ಆ ಊರಿನವರು ಮಾತ್ರ ಅದನ್ನು ತೋಳಿನಷ್ಟು ದಪ್ಪ ಬೆಳೆಸಿ, ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಮೇಜಿನ ಮೇಲೆ ಮಲಗಿಸಿ, ದರ್ಜಿ ಮದುಮಗನನ್ನು ಅಳೆಯುವಂತೆ ಅಳೆಯುತ್ತಾರೆ. ಗೆದ್ದವನು ವರ್ಷವಿಡೀ ಎದೆಯುಬ್ಬಿಸಿ ನಡೆಯುತ್ತಾನೆ. ಸೋತವನು ಗೊಬ್ಬರ ಬದಲಾಯಿಸುತ್ತಾನೆ. ನಾರ್ಮನ್ ಒಂಬತ್ತು ವರ್ಷಗಳಿಂದ ಗೊಬ್ಬರ ಬದಲಾಯಿಸುತ್ತಲೇ ಇದ್ದ. ಆ ಒಂಬತ್ತೂ ವರ್ಷ ಗೆದ್ದವನು ಮ್ಯೂರಿಯಲ್‌ಳ ತಮ್ಮ ಕಟ್‌ಬರ್ಟ್. ಈ ವರ್ಷ ನಾರ್ಮನ್‌ಗೆ ಜ್ಞಾನೋದಯವಾಗಿತ್ತು: ತಪ್ಪು ಗೊಬ್ಬರದ್ದಲ್ಲ, ಹೊಗೆಗೂಡಿನದು. ದಿನಕ್ಕೆ ಎರಡು ಗಂಟೆಯ ಬಿಸಿಲನ್ನು ಕದಿಯುವ ಆ ಕಳ್ಳನನ್ನು ಇಳಿಸಿಬಿಡುವುದೆಂದು ನಿಶ್ಚಯಿಸಿ ಮಾಡಿನ ಕೆಲಸದವರನ್ನು ಕರೆಸಿದ್ದ.

ಆರಾಧಿಸುತ್ತಿದ್ದ ಮ್ಯೂರಿಯಲ್‌ಗೆ ಎಪ್ಪತ್ತೊಂದು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಮೂವತ್ತೆರಡು ವರ್ಷ ಜನರ ಎಲುಬುಗಳ ಚಿತ್ರ ತೆಗೆದು ನಿವೃತ್ತಳಾದ ಮೇಲೆ ಅವಳು ಶುಕ್ರನ ಚಿತ್ರ ತೆಗೆಯತೊಡಗಿದ್ದಳು, ಅದೂ ಹಗಲಿನಲ್ಲಿ. ಹಗಲಲ್ಲಿ ಶುಕ್ರ ಕಾಣುವುದಿಲ್ಲವೆಂದು ನಂಬಿರುವವರಿಗೆ ಅವಳು ಎಲ್ಲಿ ನೋಡಬೇಕೆಂಬುದನ್ನು ಮಾತ್ರ ಹೇಳುತ್ತಿದ್ದಳು, ವಾದಿಸುತ್ತಿರಲಿಲ್ಲ.

ಶುಕ್ರ ನಮಗೂ ಸೂರ್ಯನಿಗೂ ನಡುವೆ ಹಾಯುವ ದಿನಗಳಲ್ಲಿ ಬಿದಿಗೆಯ ಚಂದ್ರನಂತೆ ಸವೆಯುತ್ತ ಸವೆಯುತ್ತ ಬರೀ ಗೀರಾಗುತ್ತದೆ. ತೀರಾ ಹತ್ತಿರದಿಂದ ಹಾಯುವ ವರ್ಷದಲ್ಲಿ ಆ ಗೀರಿನ ಎರಡು ಕೊಂಬುಗಳು ಬೆಳೆದು, ಬಾಗಿ, ಒಂದನ್ನೊಂದು ಮುಟ್ಟಿ, ಗ್ರಹವೆಲ್ಲ ಒಂದು ಬೆಳಕಿನ ಬಳೆಯಾಗಿಬಿಡುತ್ತದೆ. ಅಂಥ ಜೂನ್ ತಿಂಗಳು ಬರುವುದು ಎಂಟು ವರ್ಷಕ್ಕೊಮ್ಮೆ. ಕಳೆದ ಸಲ ಮೂರು ದಿನವೂ ಮೋಡ. ಖಗೋಳ ಸಂಘದ ಕಾರ್ಯದರ್ಶಿ ಕ್ಲೈವ್ ಹೈಂಡ್‌ಮಾರ್ಷ್ ಮಾತ್ರ ಆಗ ದಕ್ಷಿಣದಲ್ಲಿರುವ ಮಗಳ ಮನೆಗೆ ಹೋಗಿದ್ದು, ಅಲ್ಲಿಂದ ಬಳೆಯ ಚಿತ್ರ ತಂದಿದ್ದ. ಎಂಟು ವರ್ಷಗಳಿಂದ ಸಂಘದ ಒಂದು ಸಭೆಯಲ್ಲೂ ಅದನ್ನು ತೋರಿಸದೆ ಬಿಟ್ಟಿರಲಿಲ್ಲ. ಮ್ಯೂರಿಯಲ್‌ಳ ಸಂಗ್ರಹದಲ್ಲಿ ಶುಕ್ರನ ಎಲ್ಲ ರೂಪಗಳೂ ಇದ್ದವು, ಬಳೆಯೊಂದನ್ನು ಬಿಟ್ಟು. ಮುಂದಿನ ಸಲಕ್ಕೆ ಅವಳಿಗೆ ಎಪ್ಪತ್ತೊಂಬತ್ತು. ಆಗ ಕೈ ನಡುಗದೆ ಇರುತ್ತದೆಂದು ಯಾವ ವೈದ್ಯನೂ ಬರೆದುಕೊಟ್ಟಿರಲಿಲ್ಲ.

ಈ ಕೆಲಸಕ್ಕೆ ಹೊಗೆಗೂಡು ಬೇಕೇ ಬೇಕು. ಶುಕ್ರ ಸೂರ್ಯನಿಂದ ನಾಲ್ಕು ಸೂರ್ಯರ ಅಗಲದಷ್ಟು ದೂರ ಮಾತ್ರ. ದೂರದರ್ಶಕದೊಳಗೆ ಸೂರ್ಯ ಇಣುಕಿದರೆ ಕ್ಯಾಮರಾ ಬೆಂದುಹೋಗುತ್ತದೆ, ಕಣ್ಣಿಟ್ಟಿದ್ದರೆ ಕಣ್ಣು. ಆದ್ದರಿಂದ ದೂರದರ್ಶಕವನ್ನು ಗೂಡಿನ ನೆರಳಿನ ಎಡ ಅಂಚಿನಲ್ಲಿ ನಿಲ್ಲಿಸಬೇಕು: ಸೂರ್ಯ ಗೂಡಿನ ಹಿಂದೆ, ಶುಕ್ರ ಅಂಚಿನಿಂದ ಆಚೆ. ಸೂರ್ಯ ಬಲಕ್ಕೆ ಜರುಗುತ್ತ ಇನ್ನಷ್ಟು ಮರೆಗೆ ಸೇರುತ್ತಾನೆ, ಹಾಗಾಗಿ ಭಯವಿಲ್ಲ. ಏಳು ನಿಮಿಷಕ್ಕೆ ಶುಕ್ರನೂ ಅವನ ಹಿಂದೆಯೇ ಮರೆಯಾಗುತ್ತದೆ. ಆಗ ಎಲ್ಲವನ್ನೂ ಎತ್ತಿ ಎಡಕ್ಕೊಂದು ಹೆಜ್ಜೆ, ಮುಂದಕ್ಕೆ ಅರ್ಧ ಹೆಜ್ಜೆ. ನಾಳೆ ಶುಕ್ರ ಸೂರ್ಯನಿಗೆ ತೀರಾ ಅಂಟಿಕೊಳ್ಳುತ್ತಿತ್ತು. ನಾಡಿದ್ದು ಅದು ಇನ್ನೊಂದು ಪಕ್ಕಕ್ಕೆ ಹೋಗಿರುತ್ತಿತ್ತು. ಆ ಪಕ್ಕದಲ್ಲಿ ಸೂರ್ಯ ಮರೆಯಿಂದ ಹೊರಬರುವವನು. ಇದ್ದದ್ದು ಈ ಒಂದು ಬೆಳಿಗ್ಗೆ.

ಹಿಂದಿನ ಸಂಜೆ ಸಾರುವೆ ಕಟ್ಟುವುದನ್ನು ಕಂಡು ಅವಳು ಬೇಲಿಯ ಬಳಿ ಓಡಿದ್ದಳು. ನಾರ್ಮನ್ ಬಹಳ ಗೊಣಗಿ, ಕಟ್ಟಕಡೆಗೆ ಎಂಟೂವರೆಯ ತನಕ ಸುತ್ತಿಗೆ ಎತ್ತಬಾರದೆಂದು ಕೆಲಸದವರಿಗೆ ಹೇಳಲು ಒಪ್ಪಿದ್ದ. ನಾರ್ಮನ್ ಕೊಟ್ಟ ಮಾತಿಗೆ ತಪ್ಪುವವನಲ್ಲ. ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಹಾಗಿದ್ದರೆ ಈ ಬೂಟು ಎಲ್ಲಿಂದ ಬಂತು?

ಮ್ಯೂರಿಯಲ್ ಬೇಲಿಯ ಬಳಿ ತಲುಪುವಷ್ಟರಲ್ಲಿ ಗೂಡಿನ ನೆತ್ತಿಯ ಮಣ್ಣಿನ ಕೊಳವೆ ಕೆಳಗಿಳಿದಿತ್ತು. ನಾರ್ಮನ್ ಕೈಕಟ್ಟಿ ನಿಂತು, ಶತ್ರುವಿನ ಕಿರೀಟ ಇಳಿಯುವುದನ್ನು ನೋಡುವವನಂತೆ ನೋಡುತ್ತಿದ್ದ.

"ನಾರ್ಮನ್, ಎಂಟೂವರೆ ಅಂದಿದ್ಯಲ್ಲ," ಎಂದಳು.

"ಎಂಟೂವರೆ ಆಯ್ತಲ್ಲ. ಇವರು ಎಂಟಕ್ಕೇ ಬಂದಿದ್ರು. ನಿನಗೆ ಮಾತು ಕೊಟ್ಟಿದೀನಿ ಅಂತ ಅರ್ಧ ಗಂಟೆ ಸುಮ್ನೆ ಕೂರಿಸಿದೀನಿ."

ಅವಳು ಮಣಿಕಟ್ಟನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅವನು ತನ್ನ ಮಣಿಕಟ್ಟನ್ನು ಅವಳ ಮೂಗಿನ ಹತ್ತಿರ ಹಿಡಿದ. ಒಂದರಲ್ಲಿ ಏಳೂವರೆ ದಾಟಿತ್ತು, ಇನ್ನೊಂದರಲ್ಲಿ ಎಂಟೂವರೆ ದಾಟಿತ್ತು. ಎರಡರ ನಿಮಿಷದ ಮುಳ್ಳುಗಳೂ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಕಡೆ ನಿಂತಿದ್ದವು. ಆ ಒಂದು ಸಂಗತಿಯಿಂದಲೇ ಮ್ಯೂರಿಯಲ್‌ಗೆ ಎಲ್ಲವೂ ಹೊಳೆಯಿತು.

ಆಕಾಶ ನೋಡುವವರಿಗೆ ಬೇಸಿಗೆಯ ಸಮಯವೆಂಬುದಿಲ್ಲ. ಮಾರ್ಚ್ ಕೊನೆಯಲ್ಲಿ ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಗ್ರಹಗಳು ತಿರುಗಿಸುವುದಿಲ್ಲ. ಅದಕ್ಕೆಂದೇ ಮ್ಯೂರಿಯಲ್‌ಳ ಶೆಡ್ಡಿನ ಗಡಿಯಾರ, ಲ್ಯಾಪ್‌ಟಾಪು, ಕೈಗಡಿಯಾರ ಮೂರೂ ವರ್ಷವಿಡೀ ಒಂದೇ ಸಮಯದಲ್ಲಿದ್ದವು. ದಂತವೈದ್ಯರಿಗೆ, ಬಸ್ಸಿಗೆ, ಚರ್ಚಿಗೆ ಒಂದು ಗಂಟೆ ಕೂಡಿಸಿಕೊಳ್ಳುವುದು ಅವಳಿಗೆ ಉಸಿರಾಟದಷ್ಟು ಸಹಜ. ನಿನ್ನೆ ಸಂಜೆ ಮಾತ್ರ, ತಲೆಯ ತುಂಬ ಶುಕ್ರನೇ ಇದ್ದುದರಿಂದ, ಕೂಡಿಸಿರಲಿಲ್ಲ.

"ನಿನ್ನ ಗಡಿಯಾರ ಕೆಟ್ಟಿದೆ ಕಣಮ್ಮ," ಎಂದ ನಾರ್ಮನ್.

"ನನ್ನದು ಸರಿಯಾಗೇ ಇದೆ. ಇಡೀ ದೇಶದ್ದು ತಪ್ಪು."

"ಇರಬಹುದು. ಆದ್ರೆ ಇಡೀ ದೇಶ ಕೆಲಸ ಶುರು ಮಾಡಿದೆ ನೋಡು."

ಮೇಲಿನಿಂದ ಮೊದಲ ಇಟ್ಟಿಗೆ ಜಾರುಕೊಳವೆಯಲ್ಲಿ ಗಡಗಡ ಉರುಳಿ ಬಂದು ಕೆಳಗಿನ ಕಬ್ಬಿಣದ ತೊಟ್ಟಿಯಲ್ಲಿ ಬಿತ್ತು.

ಅವಳು ಒಂದು ಗಂಟೆ ಬೇಡಿದಳು, ಅರ್ಧ ಗಂಟೆ ಬೇಡಿದಳು. ಮೇಸ್ತ್ರಿ ಕೆವ್ ಮೇಲಿನಿಂದಲೇ ಕೈಯಾಡಿಸಿ, ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಮಾಡು ಸೋರುತ್ತಿದೆಯೆಂದೂ, ಆ ಮನೆಯ ಹೆಂಗಸು ಇವರಿಗಿಂತ ಜೋರೆಂದೂ ತಿಳಿಸಿದ. ನಾರ್ಮನ್ ತಾನು ಕೊಟ್ಟ ಮಾತನ್ನು ನಡೆಸಿದ್ದೇನೆಂಬ ನೆಮ್ಮದಿಯಲ್ಲಿದ್ದ. ಅದು ನಿಜವೂ ಆಗಿದ್ದುದರಿಂದ ಮ್ಯೂರಿಯಲ್‌ಗೆ ಜಗಳ ಮುಂದುವರಿಸಲು ಹಿಡಿಯೇ ಸಿಗಲಿಲ್ಲ.

ಹಿತ್ತಿಲಿಗೆ ಮರಳಿದಾಗ ನೆರಳಿನ ನೆತ್ತಿ ಆಗಲೇ ಮೊಣಕೈಯಷ್ಟು ಹಿಂದೆ ಸರಿದಿತ್ತು. ಅವಳು ದೂರದರ್ಶಕವನ್ನು ಎಳೆದು ಬೇಲಿಗೆ ತಾಗಿಸಿ ನಿಲ್ಲಿಸಿದಳು. ಶುಕ್ರನನ್ನು ಮತ್ತೆ ಹಿಡಿಯುವಷ್ಟರಲ್ಲಿ ಇನ್ನೆರಡು ವರಸೆ ಇಟ್ಟಿಗೆ ಹೋಗಿ, ನೆರಳು ಬೇಲಿಯನ್ನೇ ದಾಟಿತು. ಹತಾಶೆ ಮನುಷ್ಯರಿಂದ ಏನೇನನ್ನೋ ಮಾಡಿಸುತ್ತದೆ. ಮ್ಯೂರಿಯಲ್ ಅಡುಗೆಮನೆಯಿಂದ ದೊಡ್ಡ ಟೀ ತಟ್ಟೆಯನ್ನು ತಂದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಆನಿಸುವ ಕೋಲಿನ ತುದಿಗೆ ಕಟ್ಟಿ, ಅದನ್ನು ಹುಲ್ಲಿನಲ್ಲಿ ನೆಟ್ಟು, ಸ್ವಂತದ್ದೊಂದು ಹೊಗೆಗೂಡನ್ನು ಸ್ಥಾಪಿಸಿದಳು. ಗಾಳಿ ಎರಡು ನಿಮಿಷ ಕಾದು, ಆಮೇಲೆ ತಟ್ಟೆಯನ್ನು ಬಾಳೆಯೆಲೆಯಂತೆ ತಿರುವಿತು. ನೆರಳಿದೆಯೇ ಎಂದು ನೋಡಲು ದೂರದರ್ಶಕದ ಬಾಯಿಗೆ ಅಡ್ಡವಾಗಿ ಯಾವಾಗಲೂ ಹಿಡಿಯುವ ಬಿಳಿ ರಟ್ಟಿನ ಮೇಲೆ ಸೂರ್ಯನ ಬೆಳಕು ಫಕ್ಕನೆ ಬಿತ್ತು. ಅವಳು ಮುಚ್ಚಳವನ್ನು ಬಡಿದು ಹಾಕಿ, ಎದೆ ಹಿಡಿದುಕೊಂಡು, ಹುಲ್ಲಿನ ಮೇಲೆ ಕುಳಿತಳು. ತಟ್ಟೆಯ ಮೇಲೆ ರಾಜಮನೆತನದ ಮದುವೆಯೊಂದರ ಚಿತ್ರವಿತ್ತು. ಮದುಮಗಳು ಅವಳನ್ನು ನೋಡಿ ನಗುತ್ತಿದ್ದಳು.

ಅವಳು ಎದ್ದದ್ದು ಸದ್ದು ನಿಂತಾಗ.

ಸುತ್ತಿಗೆ ನಿಂತಿತ್ತು. ಇಟ್ಟಿಗೆ ಉರುಳುತ್ತಿರಲಿಲ್ಲ. ಮೂವರು ಕೆಲಸದವರೂ ಸಾರುವೆಯಿಂದ ಇಳಿಯುತ್ತಿದ್ದರು. ಲೋಕದಲ್ಲಿ ಏನೇ ಆಗಲಿ, ಬುತ್ತಿಯ ಹೊತ್ತಿಗೆ ಮಾಡಿನ ಕೆಲಸದವರು ಬುತ್ತಿ ಬಿಚ್ಚುತ್ತಾರೆ. ಬಿಚ್ಚಿದರೆ ಇಪ್ಪತ್ತು ನಿಮಿಷ ದೇವರೂ ಅವರನ್ನು ಎಬ್ಬಿಸಲಾರ. ಮ್ಯೂರಿಯಲ್ ಗೂಡನ್ನು ನೋಡಿದಳು: ಎದೆಯೆತ್ತರದ ಮೋಟು ಇನ್ನೂ ನಿಂತಿತ್ತು. ಮೋಟಿಗೂ ನೆರಳಿತ್ತು. ಆ ನೆರಳು ಎಲ್ಲಿ ಬಿದ್ದಿದೆಯೆಂದು ಬೇಲಿಯ ಮೇಲಿಂದ ಬಾಗಿ ನೋಡಿದಳು.

ನಾರ್ಮನ್‌ನ ಲೀಕ್ ಪಾತಿಯ ನಟ್ಟನಡುವೆ ಬಿದ್ದಿತ್ತು.

ಆ ಪಾತಿಯೊಳಗೆ ನಾರ್ಮನ್‌ನ ಹೆಂಡತಿಯೂ ಬದುಕಿರುವಷ್ಟು ಕಾಲ ಕಾಲಿಟ್ಟಿರಲಿಲ್ಲ. ಸುತ್ತ ತಂತಿ, ತಂತಿಗೆ ಗಂಟೆ, ಗಂಟೆಗೆ ಬೀಗ. ಹದಿನೈದು ವರ್ಷದ ಹಿಂದೆ ಪ್ರದರ್ಶನದ ಮುನ್ನಾದಿನ ಯಾರೋ ನುಗ್ಗಿ ಅವನ ನಾಲ್ಕು ಗಿಡಗಳನ್ನು ಕೊಯ್ದು ಹೋಗಿದ್ದರು. ಅಂದಿನಿಂದ ಅವನು ಊರಿನ ಪ್ರತಿಯೊಬ್ಬರನ್ನೂ ಸಮಾನವಾಗಿ ಸಂಶಯಿಸುತ್ತಿದ್ದ, ಪಾದ್ರಿಯನ್ನೂ ಸೇರಿಸಿ. ಅಂಥ ಪಾತಿಯೊಳಗೆ ಕಟ್‌ಬರ್ಟ್‌ನ ಅಕ್ಕ ನಿಲ್ಲುವುದೆಂದರೆ ಅವನ ಮೂತ್ರಪಿಂಡವನ್ನು ಕೇಳಿದಂತೆ. ಕೇಳಿಯೇಬಿಟ್ಟಳು.

ನಾರ್ಮನ್ ಪಾತಿಯ ಬೀಗವನ್ನೊಮ್ಮೆ ಎಳೆದು ನೋಡಿದ. ಬುತ್ತಿಯ ಬನ್ನು ಬಾಯಿಗಿಟ್ಟಿದ್ದ ಕೆವ್ ಅಗಿಯುವುದನ್ನು ನಿಲ್ಲಿಸಿದ.

"ಕಟ್‌ಬರ್ಟ್ ಕಳಿಸಿದ್ನಾ ನಿನ್ನ?" ಎಂದು ನಾರ್ಮನ್ ಕೇಳಿದ.

"ಹಂಗೆ ಕಳಿಸೋದಾದ್ರೆ ಟೆಲಿಸ್ಕೋಪು ಹೊರಿಸಿ ಕಳಿಸ್ತಾನೇನೋ? ಕೇಳಿಲ್ಲಿ. ನನಗೆ ನಿನ್ನ ಗಿಡ ಬೇಡ, ನೆರಳು ಬೇಕು. ನಿನಗೆ ಬೇಡವಾದ ನೆರಳು. ಹೆಂಗೂ ಬಿಸಾಕ್ತಿದೀಯ. ಬಿಸಾಕೋ ಮುಂಚೆ ಇಪ್ಪತ್ತು ನಿಮಿಷ ಕೊಡು."

ಅವನು ತನ್ನ ಗಿಡಗಳನ್ನು ನೋಡಿದ. ಆಮೇಲೆ ಆಕಾಶ ನೋಡಿದ. ಅಲ್ಲಿ ಏನೂ ಕಾಣದೆ ಮತ್ತೆ ಅವಳನ್ನು ನೋಡಿದ.

"ನಿನಗೆ ವರ್ಷಕ್ಕೊಂದು ಸೆಪ್ಟೆಂಬರ್ ಬರತ್ತೆ, ನಾರ್ಮನ್," ಎಂದಳು ಮ್ಯೂರಿಯಲ್, ದನಿ ಇಳಿಸಿ. "ನನಗೆ ಎಂಟು ವರ್ಷಕ್ಕೊಂದು ಬೆಳಿಗ್ಗೆ."

ನಾರ್ಮನ್ ಜೇಬಿನಿಂದ ಕೀಲಿಕೈ ತೆಗೆದ.

"ಬೂಟು ಬಿಚ್ಚು," ಎಂದ. "ಭಾನುವಾರ ನೀನು ಅವನ ತೋಟಕ್ಕೆ ಹೋಗಿದ್ದೆ, ನಂಗೊತ್ತು. ಹೋದ ವರ್ಷ ಅವನ ಗಿಡಕ್ಕೆ ತುಕ್ಕುರೋಗ ಬಂದಿತ್ತು. ಅಂಟಿಸಿಕೊಂಡು ಬರಬೇಡ."

ಬುತ್ತಿಯ ಹೊತ್ತು ಮುಗಿಯಲು ಹದಿನೆಂಟು ನಿಮಿಷ ಉಳಿದಿತ್ತು.

ಮುಂದಿನ ನಾಲ್ಕು ನಿಮಿಷದಲ್ಲಿ ಆ ಹಿತ್ತಿಲುಗಳು ಹಿಂದೆಂದೂ ಕಾಣದ ಮೆರವಣಿಗೆ ನಡೆಯಿತು. ಕೆವ್‌ನ ಇಬ್ಬರು ಜೊತೆಗಾರರು ದೂರದರ್ಶಕದ ಕೊಳವೆಯನ್ನು ಮದುಮಗಳ ಪಲ್ಲಕ್ಕಿಯಂತೆ ಬೇಲಿಯ ಮೇಲಿಂದ ದಾಟಿಸಿದರು. ಕೆವ್ ಮುಕ್ಕಾಲಿಯನ್ನು ಹೊತ್ತ. ಮ್ಯೂರಿಯಲ್ ಒಂದು ಕಂಕುಳಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ರಟ್ಟಿನ ಪೆಟ್ಟಿಗೆ ಅವುಚಿಕೊಂಡು ಕಾಲುಚೀಲದಲ್ಲೇ ಗೇಟು ಸುತ್ತಿ ಬಂದಳು. ನಾರ್ಮನ್ ಗಿಡಗಳ ಸಾಲುಗಳ ನಡುವೆ ಹಲಗೆ ಹಾಸಿ, ಅಳತೆಪಟ್ಟಿ ಹಿಡಿದು, ಮುಕ್ಕಾಲಿಯ ಒಂದೊಂದು ಕಾಲೂ ಎಲ್ಲಿ ಊರಬೇಕೆಂದು ಬೆರಳಲ್ಲಿ ತೋರಿಸಿದ. ಎರಡು ಕಾಲಿಗೆ ಜಾಗ ಸಿಕ್ಕಿತು. ಮೂರನೆಯದು ಬೀಳಬೇಕಾದ ಕಡೆ ಪಾತಿಯ ಅತ್ಯಂತ ದಪ್ಪನೆಯ ಗಿಡ ನಿಂತಿತ್ತು.

ಎಲ್ಲರೂ ಗಿಡವನ್ನು ನೋಡಿದರು. ನೆರಳು ಬೆರಳಷ್ಟು ಜರುಗಿತು. ಆ ಕಾಲನ್ನು ಮಡಚಿ ಮೋಟು ಮಾಡಿ, ಮೊಣಕಾಲೂರಿ ಕುಳಿತು, ತನ್ನ ತೊಡೆಯ ಮೇಲಿಟ್ಟುಕೊಳ್ಳುವುದೆಂದು ತೀರ್ಮಾನಿಸಿದವನು ನಾರ್ಮನ್ನೇ.

"ಅಲ್ಲಾಡಬೇಡ," ಎಂದಳು ಮ್ಯೂರಿಯಲ್. "ಉಸಿರು ಹಿಡ್ಕೋ ಅಂದಾಗ ಹಿಡ್ಕೋ. ಬಿಡು ಅಂದಾಗ ಬಿಡು." ಮೂವತ್ತೆರಡು ವರ್ಷ ಅವಳು ದಿನಕ್ಕೆ ನಲವತ್ತು ಜನಕ್ಕೆ ಇದನ್ನೇ ಹೇಳಿದ್ದಳು, ನಾರ್ಮನ್ ಎದುರಾಡದೆ ಎದೆಗೂಡಿನ ಚಿತ್ರಕ್ಕೆ ನಿಂತವನಂತೆ ಬಿಗಿದುಕೊಂಡ.

ಬಿಳಿ ರಟ್ಟನ್ನು ಕೊಳವೆಯ ಬಾಯಿಗೆ ಹಿಡಿದಳು. ಪೂರ್ತಿ ನೆರಳು, ಸೂರ್ಯ ಮೋಟಿನ ಹಿಂದೆ. ಮುಚ್ಚಳ ತೆಗೆದಳು. ತಲೆ ಪೆಟ್ಟಿಗೆಯೊಳಗೆ ಹೋಯಿತು. ಪರದೆಯ ನೀಲಿಯಲ್ಲಿ ಏನೂ ಇರಲಿಲ್ಲ. ಎಡಕ್ಕೆ. ಇಲ್ಲ. ಸ್ವಲ್ಪ ಮೇಲಕ್ಕೆ. ಇಲ್ಲ. ಇನ್ನು ಹನ್ನೊಂದು ನಿಮಿಷ ಉಳಿದಿತ್ತು. ಪೆಟ್ಟಿಗೆಯ ಹೊರಗೆ ಕೆವ್ ತನ್ನವರಿಗೆ, ಹಗಲು ಹೊತ್ತಿನಲ್ಲಿ ನಕ್ಷತ್ರ ಹುಡುಕುವ ಮುದುಕಿಗೆ ತಾನು ಮುಕ್ಕಾಲಿ ಹೊತ್ತೆನೆಂದು ಮನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವೆಂದು ಪಿಸುಗುಡುತ್ತಿದ್ದ. ಇನ್ನೂ ಸ್ವಲ್ಪ ಮೇಲಕ್ಕೆ.

ಬಂತು.

ಪರದೆಯ ಮೂಲೆಯಿಂದ ಬೆಳ್ಳಿಯ ಎಳೆಯೊಂದು ಈಜಿಕೊಂಡು ಬಂದು ನಡುವೆ ನಿಂತಿತು. ಬಾಗಿದ ಎಳೆ. ಕೊಂಬುಗಳು ಎಲ್ಲಿ ಮುಗಿಯುತ್ತವೆಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಮ್ಯೂರಿಯಲ್ ಗುಂಡಿ ಒತ್ತಿದಳು. ಕ್ಯಾಮರಾ ಸೆಕೆಂಡಿಗೆ ನೂರು ಚಿತ್ರಗಳಂತೆ ನುಂಗತೊಡಗಿತು. ಈ ಕೆಲಸದ ಗುಟ್ಟೇ ಅದು: ಗಾಳಿ ನಡುಗಿಸಿದ ಸಾವಿರಾರು ಚಿತ್ರಗಳಲ್ಲಿ ಗಾಳಿ ಮರೆತು ಬಿಟ್ಟ ಕೆಲವು ನೂರನ್ನು ಹೆಕ್ಕಿ, ಒಂದರ ಮೇಲೊಂದು ಪೇರಿಸುವುದು.

"ಉಸಿರು ಹಿಡಿ," ಎಂದಿತು ಪೆಟ್ಟಿಗೆ.

ನಾರ್ಮನ್ ಹಿಡಿದ. ಅವನ ಕಿವಿ ಕೆಂಪಗಾಯಿತು.

"ಬಿಡು."

ಎರಡು ನಿಮಿಷದ ಮೊದಲ ಚಿತ್ರಸುರುಳಿ ಮುಗಿದು ಎರಡನೆಯದು ಶುರುವಾಗಿತ್ತು. ಶುಕ್ರ ಮರೆಯಾಗಲು ಮೂರು ನಿಮಿಷವಿತ್ತು. ಆಗ ಎಳೆ ಕುದಿಯಿತು. ನಡುಗುವುದಲ್ಲ, ಕುದಿಯುವುದು: ಬಿಸಿ ಎಣ್ಣೆಯಲ್ಲಿ ಬಿಟ್ಟ ಶಾವಿಗೆಯಂತೆ ಹೊರಳಿ, ಮುರಿದು, ನಾಲ್ಕಾಗಿ, ಕರಗಿತು. ಗಾಳಿ ಬೀಸಿರಲಿಲ್ಲ. ಮುಕ್ಕಾಲಿ ಅಲುಗಿರಲಿಲ್ಲ. ಮ್ಯೂರಿಯಲ್ ಪೆಟ್ಟಿಗೆಯಿಂದ ತಲೆ ಹೊರಗೆಳೆದು ಸುತ್ತ ನೋಡಿದಳು. ಮೋಟು ಗೂಡಿನ ನೇರ ಕೆಳಗೆ ಗೋಡೆಯಲ್ಲಿದ್ದ ಬಾಯ್ಲರಿನ ಕೊಳವೆಯಿಂದ ಬಿಳಿಯ ಆವಿ ಉಸ್ಸೆಂದು ಏಳುತ್ತಿತ್ತು. ಕೆವ್ ಅಲ್ಲಿರಲಿಲ್ಲ.

"ಯಾರು ಬಿಸಿನೀರು ಬಿಟ್ಟಿರೋದು ಒಳಗೆ?"

ಅಡುಗೆಮನೆಯ ಕಿಟಕಿಯಲ್ಲಿ ಕೆವ್‌ನ ಮುಖ ಕಾಣಿಸಿತು. ಕೈಯಲ್ಲಿ ನೊರೆ ಹಿಡಿದ ಟೀ ಮಗ್ಗು.

"ತೊಳೆದಿಡೋಣ ಅಂತ ಅಮ್ಮಾ," ಎಂದ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಅವನು ಯಾರ ಮನೆಯ ಮಗ್ಗನ್ನೂ ತೊಳೆದಿರಲಿಲ್ಲವೆಂಬುದನ್ನು ಅವನ ಜೊತೆಗಾರರ ಮುಖವೇ ಹೇಳುತ್ತಿತ್ತು.

"ನಿಲ್ಲಿಸಪ್ಪ. ನಲ್ಲಿ ಮುಟ್ಟಬೇಡ. ಏನನ್ನೂ ಮುಟ್ಟಬೇಡ."

ಆವಿ ತೆಳುವಾಗಿ ಸತ್ತಿತು. ಒಂದು ನಿಮಿಷ ಇಪ್ಪತ್ತು ಸೆಕೆಂಡು. ಮ್ಯೂರಿಯಲ್ ಮತ್ತೆ ಒಳಗೆ. ಎಳೆ ತುಂಡು ತುಂಡಾಗಿ ಬಂದು, ಒಂದಕ್ಕೊಂದು ತಡಕಿ ಸೇರಿಕೊಂಡಿತು. ನಾರ್ಮನ್‌ಗೆ ಅವಳು ಹೇಳಬೇಕಾಗಲಿಲ್ಲ, ತಾನಾಗಿಯೇ ಉಸಿರು ಹಿಡಿದಿದ್ದ. ಕೆವ್‌ನ ಇಬ್ಬರು ಜೊತೆಗಾರರೂ ಏಕೆಂದು ಗೊತ್ತಿಲ್ಲದೆ ಹಿಡಿದಿದ್ದರು. ನಲವತ್ತು ಸೆಕೆಂಡು ಗಾಳಿ ಎಂಬುದೇ ಇಲ್ಲದಂತೆ ಎಲ್ಲವೂ ನಿಂತಿತು. ಆಮೇಲೆ ಮೋಟಿನ ಮಸುಕು ಅಂಚು ಬಲದಿಂದ ಬಂದು ಶುಕ್ರನನ್ನು ಒರೆಸಿ ಹಾಕಿತು.

ಮ್ಯೂರಿಯಲ್ ಮುಚ್ಚಳ ಹಾಕಿದಳು. "ಬಿಡು," ಎಂದಳು. ಮೂವರು ಗಂಡಸರು ಉಸಿರು ಬಿಟ್ಟ ಸದ್ದು ಕೇಳಿಸಿತು.

ಲ್ಯಾಪ್‌ಟಾಪನ್ನು ನಾರ್ಮನ್‌ನ ಅಡುಗೆಮನೆಯ ಮೇಜಿನ ಮೇಲಿಟ್ಟು ಐವರೂ ಸುತ್ತ ನಿಂತರು. ಬುತ್ತಿಯ ಹೊತ್ತು ಮುಗಿದಿತ್ತು. ಕೆವ್ ಅದನ್ನು ನೆನಪಿಸಲಿಲ್ಲ. ಯಂತ್ರ ಮೊದಲ ಸುರುಳಿಯ ಹನ್ನೆರಡು ಸಾವಿರ ಚಿತ್ರಗಳನ್ನು ಜಾಲಾಡುತ್ತ, ಶೇಕಡಾ ಹತ್ತು, ಶೇಕಡಾ ಮೂವತ್ತು ಎಂದು ತೋರಿಸುತ್ತಿತ್ತು. ಶೇಕಡಾ ತೊಂಬತ್ತೊಂಬತ್ತರಲ್ಲಿ ಅರ್ಧ ನಿಮಿಷ ನಿಂತಿತು. ನಾರ್ಮನ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಚಿತ್ರ ತೆರೆಯಿತು. ಕಪ್ಪು ಚೌಕದಲ್ಲಿ ಬೆಳ್ಳಿಯ ಬಳೆ. ಬಲಗಡೆ ಹೊಳೆಯುವ ತೆಳು ಗೀರು, ಅದರ ಎರಡು ತುದಿಗಳಿಂದ ಹೊರಟು ಬಾಗಿದ ನೂಲು, ಮತ್ತು ಎಡಗಡೆ, ಎರಡು ನೂಲುಗಳೂ ಕೂಡಬೇಕಾದ ಕಡೆ, ಅಕ್ಕಿಕಾಳಿನಷ್ಟು ಖಾಲಿ.



ಕೆವ್ ಕೆಮ್ಮಿದ. "ಅಷ್ಟೇ ತಾನೇ ಅಮ್ಮಾ, ಆ ಮೂಲೇಲಿ ಚೂರು ಬಿಳಿ ಎಳೆದುಬಿಡಿ. ಯಾರಿಗೆ ಗೊತ್ತಾಗತ್ತೆ?"

ಎಳೆಯುವುದೂ ಬೇಕಿರಲಿಲ್ಲ. ಚಿತ್ರವನ್ನು ಹರಿತಗೊಳಿಸುವ ಕೀಲಿಯನ್ನು ಎರಡು ಗೆರೆ ಹೆಚ್ಚು ತಿರುಗಿಸಿದರೆ ಯಂತ್ರವೇ ಆ ಖಾಲಿಯಲ್ಲಿ ನೂಲು ಹುಟ್ಟಿಸಿಕೊಡುತ್ತಿತ್ತು. ಹೈಂಡ್‌ಮಾರ್ಷ್‌ಗೂ ಗೊತ್ತಾಗುತ್ತಿರಲಿಲ್ಲ, ಬಹುಶಃ ಅವನ ಬಳೆಯೂ ಅಲ್ಲಿ ಸ್ವಲ್ಪ ಹಾಗೆಯೇ ಹುಟ್ಟಿತ್ತೆಂಬ ಸಂಶಯ ಮ್ಯೂರಿಯಲ್‌ಗೆ ಮೊದಲಿಂದಲೂ ಇತ್ತು. ಅವಳ ಬೆರಳು ಕೀಲಿಯ ಮೇಲೆ ಒಂದು ಕ್ಷಣ ನಿಂತಿತು. ಒಮ್ಮೆ ಒಬ್ಬ ಯುವ ವೈದ್ಯ, ಕಾಣದ ಬಿರುಕೊಂದನ್ನು ಸ್ವಲ್ಪ ಕಾಣುವಂತೆ ಮಾಡಲಾಗದೇ ಎಂದು ಅವಳನ್ನು ಕೇಳಿದ್ದ. ಅವನಿಗೆ ಅವಳು ಕೊಟ್ಟ ಉತ್ತರವನ್ನು ಆಸ್ಪತ್ರೆಯಲ್ಲಿ ಬಹಳ ದಿನ ಹೇಳಿಕೊಂಡು ನಗುತ್ತಿದ್ದರು.

"ಇಲ್ಲದ್ದನ್ನ ನಾನು ತೋರಿಸಲ್ಲಪ್ಪ," ಎಂದಷ್ಟೇ ಹೇಳಿ ಬೆರಳು ತೆಗೆದಳು.

"ಆ ಎರಡನೇದು?" ಎಂದ ನಾರ್ಮನ್. "ನಲ್ಲಿ ನಿಲ್ಲಿಸಿದ ಮೇಲಿಂದು. ನಾನು ಉಸಿರು ಹಿಡಿದದ್ದು ಅದಕ್ಕೇ ಜಾಸ್ತಿ."

ಎರಡನೆಯ ಸುರುಳಿಯಲ್ಲಿ ಬಹುಪಾಲು ಆವಿಯ ಕುದಿತವೇ. ಕೊನೆಯ ನಲವತ್ತು ಸೆಕೆಂಡುಗಳನ್ನು ಮಾತ್ರ ಕತ್ತರಿಸಿ ಯಂತ್ರಕ್ಕೆ ಕೊಟ್ಟಳು. ನಾಲ್ಕು ಸಾವಿರ ಚಿತ್ರ; ಅದರಲ್ಲಿ ಒಳ್ಳೆಯವು ಮುನ್ನೂರು. ಶೇಕಡಾ ಹತ್ತು. ಶೇಕಡಾ ಐವತ್ತು. ಹೊರಗೆ ಎಲ್ಲಿಯೋ ಕೆವ್‌ನ ಫೋನು ಬಾರಿಸಿ ಬಾರಿಸಿ ನಿಂತಿತು. ಮಾಡು ಸೋರುತ್ತಿದ್ದ ಮನೆಯ ಹೆಂಗಸಿರಬೇಕು.

ಚಿತ್ರ ತೆರೆಯಿತು.

ಮ್ಯೂರಿಯಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಮೊದಲಿನ ಚಿತ್ರಕ್ಕಿಂತ ಮಂಕು, ಮೊದಲಿನದಕ್ಕಿಂತ ಒರಟು. ಆದರೆ ಎಡಗಡೆ, ಅಕ್ಕಿಕಾಳಿನ ಜಾಗದಲ್ಲಿ, ಉಸಿರು ಬಿಟ್ಟರೆ ಹಾರಿಹೋಗುವಂಥ ಒಂದು ನೂಲು ಇತ್ತು. ಅವಳು ಯಾವ ಕೀಲಿಯನ್ನೂ ಮುಟ್ಟಿರಲಿಲ್ಲ. ಬೆಳಕನ್ನು ಹೆಚ್ಚಿಸಿ ನೋಡಿದಳು, ಇತ್ತು. ಇಳಿಸಿ ನೋಡಿದಳು, ಇತ್ತು. ಮುನ್ನೂರು ಚಿತ್ರಗಳನ್ನು ನೂರೈವತ್ತರ ಎರಡು ಪಾಲು ಮಾಡಿ ಬೇರೆ ಬೇರೆ ಪೇರಿಸಿದಳು. ಎರಡರಲ್ಲೂ ಅದೇ ನೂಲು, ಅದೇ ಜಾಗದಲ್ಲಿ.

"ಕೂಡಿದೆ," ಎಂದಳು.

ಕೆವ್ ಮಗ್ಗನ್ನು ಮೇಲೆತ್ತಿದ. ಅವನ ಜೊತೆಗಾರರು ಒಬ್ಬರ ಬೆನ್ನನ್ನೊಬ್ಬರು ತಟ್ಟಿಕೊಂಡರು. ಹೊಗೆಗೂಡಿನ ಉಳಿದ ಭಾಗವನ್ನು ಬಿಡಬೇಕೇ ಎಂದು ಕೆವ್ ಸಂಕೋಚದಿಂದ ಕೇಳಿದ್ದಕ್ಕೆ ನಾರ್ಮನ್ ಬೆರಗಾಗಿ, ಬಿಸಿಲು ಬರಬೇಡವೇ, ಬುತ್ತಿ ಮುಗಿಯಿತಲ್ಲ, ಹೊಡೆಯಿರಿ ಎಂದ. ಮ್ಯೂರಿಯಲ್ ಕೂಡ ತಲೆಯಾಡಿಸಿದಳು. ಮುಂದಿನ ಎಂಟು ವರ್ಷದ ಮಾತು ಮುಂದಿನ ಎಂಟು ವರ್ಷಕ್ಕೆ.

ಈಗ ಅವಳಿಗೆ ಇದ್ದದ್ದು ಒಂದೇ ಆಸೆ: ಮನೆಗೆ ಓಡಿ ಹೈಂಡ್‌ಮಾರ್ಷ್‌ಗೆ ಫೋನು ಮಾಡುವುದು. ಲ್ಯಾಪ್‌ಟಾಪನ್ನು ಮಡಚಿ, ನಾರ್ಮನ್‌ನ ಕೈಯನ್ನು ಎರಡು ಕೈಯಲ್ಲೂ ಹಿಡಿದು ಕುಲುಕಿದಳು. ಅವನಿಗೆ ಒಂದು ಸಮಾಧಾನ ಹೇಳಬೇಕೆಂದೂ ಅನಿಸಿತು. ಪಾತಿಯೊಳಗೆ ಕಂಡದ್ದೇನನ್ನೂ ಕಟ್‌ಬರ್ಟ್‌ಗೆ ಹೇಳುವುದಿಲ್ಲ, ಹೇಳಲು ತಾನು ಏನನ್ನೂ ಕಂಡೇ ಇಲ್ಲ, ತನ್ನ ಕಣ್ಣೆಲ್ಲ ಪರದೆಯ ಮೇಲಿತ್ತು, ಗಿಡಗಳ ಕಡೆ ಒಮ್ಮೆಯೂ ನೋಡಲಿಲ್ಲ ಎಂದಳು.

ನಾರ್ಮನ್‌ನ ಮುಖ ನಿಧಾನವಾಗಿ ಇಳಿಯಿತು.

"ಒಂದನ್ನೂ ನೋಡಲಿಲ್ವಾ?"

"ಒಂದನ್ನೂ ಇಲ್ಲ. ಆಣೆ."

"ನನ್ನ ತೊಡೆ ಪಕ್ಕದಲ್ಲಿತ್ತಲ್ಲ, ಆ ದಪ್ಪಂದು? ಅದನ್ನೂ ನೋಡಲಿಲ್ವಾ?"

ಹದಿನೈದು ವರ್ಷಗಳಲ್ಲಿ ಆ ಪಾತಿಯೊಳಗೆ ಬಂದ ಮೊದಲ ವ್ಯಕ್ತಿ ತಾನೆಂದೂ, ನಾರ್ಮನ್ ಈಗಷ್ಟೇ ಮೊಣಕಾಲೂರಿ, ಕಿವಿ ಕೆಂಪಾಗುವಷ್ಟು ಉಸಿರು ಕಟ್ಟಿ ತನ್ನ ಬಳೆಯನ್ನು ನೋಡಿದ್ದಾನೆಂದೂ ಮ್ಯೂರಿಯಲ್‌ಗೆ ಹೊಳೆಯಿತು. ಅವಳು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಕೆಳಗಿಟ್ಟಳು.

"ಬಾ, ತೋರಿಸು," ಎಂದಳು.

ಪಾತಿಯಲ್ಲಿ ಇಪ್ಪತ್ತನಾಲ್ಕು ಗಿಡಗಳಿದ್ದವು. ನಾರ್ಮನ್ ಮೊದಲ ಗಿಡದ ಬಳಿ ಕುಕ್ಕರಗಾಲಲ್ಲಿ ಕುಳಿತು, ಅದರ ತಾಯಿ ಯಾವುದು, ಬೀಜ ಎಲ್ಲಿಂದ ಬಂತು, ಮಾರ್ಚಿನಲ್ಲಿ ಅದು ಹೇಗೆ ಕಾಯಿಲೆ ಬಿದ್ದು ಎದ್ದಿತೆಂಬುದರಿಂದ ಶುರುಮಾಡಿದ. ಕಾಲುಚೀಲದ ಒಳಗೆ ತಣ್ಣನೆಯ ಮಣ್ಣು ಸೇರುತ್ತಿದ್ದರೂ ಮ್ಯೂರಿಯಲ್ ಬಾಗಿ ನೋಡಿದಳು, ನಡುನಡುವೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದಳು. ಬೆನ್ನ ಹಿಂದೆ ಇಟ್ಟಿಗೆಗಳು ಗಡಗಡನೆ ಉರುಳುತ್ತಿದ್ದವು. ಮೂರನೆಯ ಗಿಡಕ್ಕೆ ಬರುವಷ್ಟರಲ್ಲಿ ಹೊಗೆಗೂಡು ಇರಲಿಲ್ಲ, ಪಾತಿಯ ತುಂಬ ಬಿಸಿಲು ಬಿದ್ದಿತ್ತು, ಮತ್ತು ನಾರ್ಮನ್, ಅಳತೆಪಟ್ಟಿ ಬಿಚ್ಚುತ್ತ, ನಾಲ್ಕನೆಯದರ ಕಥೆ ಸ್ವಲ್ಪ ಉದ್ದವೆಂದು ಎಚ್ಚರಿಸಿದ.